ಶೇಲ್ ಬಾವಿಯ ಎಕ್ಸೆಲ್ ಶೀಟ್ 20 ಡಾಲರ್‌ಗೇ ಲಾಭ ತೋರಿಸ್ತಿದೆ, ಎಲ್ಲಿ ತಪ್ಪಿದೆ?

ಹಾಸನ_ಮೆಕ್ಯಾನಿಕಲ್:
ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಎಂ.ಟೆಕ್ ಓದ್ತಿದ್ದೀನಿ. ಕಚ್ಚಾ ತೈಲದ ಬೆಲೆ ಬಿದ್ದಾಗ ಅಮೆರಿಕದ ಶೇಲ್ ಬಾವಿಗಳು (ಬಿಗಿಯಾದ ಕೆಸರುಗಲ್ಲಿನ ಪದರದಿಂದ ತೈಲ ತೆಗೆಯೋ ಬಾವಿಗಳು) ಹೇಗೆ ಲಾಭ ಮಾಡುತ್ತವೆ ಅನ್ನೋದು ನನ್ನ ಸೆಮಿನಾರ್ ವಿಷಯ. ಬರೀ ಸ್ಲೈಡ್ ತೋರಿಸೋದು ಬೇಡ, ಒಂದು ಬಾವಿಯ ಲೆಕ್ಕವನ್ನೇ ಮಾಡೋಣ ಅಂತ ಶೀಟ್ ಮಾಡಿದೆ. ಉತ್ತರ ನಂಬೋ ಹಾಗಿಲ್ಲ.

ನಾನು ಕೊಟ್ಟಿರೋದು: ಟೆಕ್ಸಾಸ್ ಕಡೆಯ ಪರ್ಮಿಯನ್ ತೈಲ ಪ್ರದೇಶದ ಬಾವಿ, ಅಡ್ಡ ಕೊರೆತ 10,000 ಅಡಿ. ಶುರುವಿನ ಉತ್ಪಾದನೆ ದಿನಕ್ಕೆ 800 ಬ್ಯಾರಲ್. ಉತ್ಪಾದನೆ ಹೇಗೆ ಇಳಿಯುತ್ತೆ ಅಂತ ಹೇಳೋ ಆರ್ಪ್ಸ್ ಹೈಪರ್‌ಬೋಲಿಕ್ ಸೂತ್ರ, ಇಳಿತ ಎಷ್ಟು ಬೇಗ ನಿಧಾನ ಆಗುತ್ತೆ ಅನ್ನೋ ಅಂಕಿ ಬಿ = 1.1, ಮೊದಲ ವರ್ಷದ ಇಳಿತ 70%. ಕೊರೆದು ಫ್ರ್ಯಾಕ್ ಮಾಡೋ (ನೀರು, ಮರಳು ಒತ್ತಡದಲ್ಲಿ ನುಗ್ಗಿಸಿ ಕಲ್ಲು ಬಿರಿಯಿಸೋ) ಖರ್ಚು 80 ಲಕ್ಷ ಡಾಲರ್, ನಡೆಸೋ ಖರ್ಚು ಬ್ಯಾರಲ್‌ಗೆ 10 ಡಾಲರ್. ಅವಧಿ 30 ವರ್ಷ, ಡಿಸ್ಕೌಂಟ್ (ಮುಂದಿನ ವರ್ಷಗಳ ಹಣವನ್ನ ಇವತ್ತಿನ ಬೆಲೆಗೆ ಇಳಿಸೋ ದರ) 10%. ಅನಿಲದ ಆದಾಯ ಸೇರಿಸಿಲ್ಲ. ಬ್ರೇಕ್‌ಈವನ್, ಅಂದ್ರೆ ಹಾಕಿದ ಹಣ ಹುಟ್ಟೋ ತೈಲ ಬೆಲೆ, ಬ್ಯಾರಲ್‌ಗೆ 20.5 ಡಾಲರ್ ಬರ್ತಿದೆ!

ಡಲ್ಲಾಸ್ ಫೆಡ್ (ಅಮೆರಿಕದ ಕೇಂದ್ರ ಬ್ಯಾಂಕಿನ ಟೆಕ್ಸಾಸ್ ಶಾಖೆ) 2025ರಲ್ಲಿ ತೈಲ ಕಂಪನಿಗಳನ್ನೇ ಕೇಳಿದಾಗ, ಹೊಸ ಬಾವಿ ಲಾಭದಲ್ಲಿ ಕೊರೆಯೋಕೆ ಸರಾಸರಿ 65 ಡಾಲರ್ ಬೇಕು ಅಂದಿದ್ದಾರೆ. ಮೂರು ಪಟ್ಟು ವ್ಯತ್ಯಾಸ. ಸೂತ್ರ ಎಷ್ಟು ಸಲ ನೋಡಿದ್ರೂ ಸರಿಯಾಗೇ ಕಾಣ್ತಿದೆ.

ಮೂಡಿಗೆರೆ_ರಿಗ್:
ಸೂತ್ರ ಸರಿಯಿರಬಹುದು, ಅದಕ್ಕೆ ಕೊಟ್ಟ ಅಂಕಿ ನೋಡಬೇಕು. ಡಿಐ (ಶುರುವಿನ ಇಳಿತದ ವೇಗ) ಸೆಲ್‌ನಲ್ಲಿ ಏನಿದೆ? ಮೊದಲ ವರ್ಷದ ಕೊನೆಗೆ ದಿನದ ಉತ್ಪಾದನೆ ಎಷ್ಟು ಬರ್ತಿದೆ? ಇವೆರಡು ಹೇಳಿ ಸಾಕು.

ಹಾಸನ_ಮೆಕ್ಯಾನಿಕಲ್:
ಡಿಐ = 0.70 ಸರ್. ವರ್ಷದ ಕೊನೆಗೆ 476 ಬ್ಯಾರಲ್.

ಮೂಡಿಗೆರೆ_ರಿಗ್:
ಸಿಕ್ತು. 800ರಿಂದ 476ಕ್ಕೆ ಬಂದ್ರೆ ಇಳಿತ 40% ಆಯ್ತು, 70% ಅಲ್ಲ. 70% ಇಳಿದ್ರೆ 240 ಇರಬೇಕಿತ್ತು.

ವರದಿಗಳಲ್ಲಿ ಬರೋ 70% ಅನ್ನೋದು ವರ್ಷದ ಶುರು ಮತ್ತು ಕೊನೆ, ಎರಡನ್ನೂ ಅಳೆದು ಹೇಳಿದ್ದು. ಆರ್ಪ್ಸ್ ಸೂತ್ರ ಕೇಳೋ ಡಿಐ ಬೇರೆ: ಬಾವಿ ತೆರೆದ ಆ ಕ್ಷಣದಲ್ಲಿ ಇಳಿತದ ವೇಗ ಎಷ್ಟು ಅಂತ. ಶೇಲ್ ಬಾವಿ ಮೊದಲ ವಾರಗಳಲ್ಲಿ ಭಯಂಕರ ವೇಗದಲ್ಲಿ ಇಳಿದು ಆಮೇಲೆ ನಿಧಾನ ಆಗೋದ್ರಿಂದ ಆ ಕ್ಷಣದ ಅಂಕಿ ತುಂಬಾ ದೊಡ್ಡದು, 1 ದಾಟೋದು ಸಾಮಾನ್ಯ. ಬದಲಾಯಿಸೋ ದಾರಿ ಹೀಗೆ:

ಡಿಐ = ((1 − 0.70) ^ (−ಬಿ) − 1) ÷ ಬಿ

ಬಿ = 1.1 ಹಾಕಿದ್ರೆ ವರ್ಷಕ್ಕೆ 2.51 ಬರುತ್ತೆ. 0.70 ಇದ್ದ ಕಡೆ ಅದನ್ನ ಹಾಕಿ. ನಾನು ಇಲ್ಲಿ ಹಾಕಿ ನೋಡಿದೆ: ಮೊದಲ ವರ್ಷದ ಒಟ್ಟು ಉತ್ಪಾದನೆ 2.22 ಲಕ್ಷ ಬ್ಯಾರಲ್ ಇದ್ದದ್ದು 1.49 ಲಕ್ಷಕ್ಕೆ ಇಳಿಯುತ್ತೆ. 30 ವರ್ಷದ ಮೊತ್ತ 14 ಲಕ್ಷದಿಂದ 5.77 ಲಕ್ಷಕ್ಕೆ. ಇಲ್ಲದ ಎಂಟು ಲಕ್ಷ ಬ್ಯಾರಲ್ ಆ ಒಂದು ಸೆಲ್‌ನಿಂದ ಹುಟ್ಟಿತ್ತು. ಇದನ್ನ ಸೆಮಿನಾರಿನಲ್ಲಿ ಒಂದು ಸ್ಲೈಡ್ ಆಗಿ ತೋರಿಸಿ ಅಂತ ಕೇಳ್ಕೊಳ್ತೀನಿ. ಹೂಡಿಕೆದಾರರಿಗೆ ಕೊಡೋ ಪಟಗಳಲ್ಲೂ ಯಾವ ಇಳಿತ ಅಂತ ಹೇಳದೆ ಬರೀ ಶೇಕಡಾ ಬರೆದಿರ್ತಾರೆ. ಓದೋರಿಗೆ ಇದು ಗೊತ್ತಿರಬೇಕು.

ಚಿಕ್ಕಮಗಳೂರು_ಸಿವಿಲ್:
ಬಿ ಒಂದಕ್ಕಿಂತ ಹೆಚ್ಚಿದ್ರೆ ಮೊತ್ತಕ್ಕೆ ಕೊನೆಯೇ ಇರಲ್ಲ, ಅನಂತಕ್ಕೆ ಹೋಗುತ್ತೆ. ಟರ್ಮಿನಲ್ ಡಿಕ್ಲೈನ್, ಅಂದ್ರೆ ಇಳಿತ ಇದಕ್ಕಿಂತ ನಿಧಾನ ಆಗಬಾರದು ಅನ್ನೋ ಮಿತಿ, ಹಾಕ್ಲೇಬೇಕು. ನನ್ನ ಪ್ರಕಾರ ದೊಡ್ಡ ತಪ್ಪು ಅಲ್ಲೇ ಇದೆ.

ಮೂಡಿಗೆರೆ_ರಿಗ್:
ಹಾಕಬೇಕು, ಆ ಮಾತು ಸರಿ. ದೊಡ್ಡ ತಪ್ಪು ಮಾತ್ರ ಅಲ್ಲಿಲ್ಲ. ಲೆಕ್ಕ ಹಾಕಿಯೇ ನೋಡೋಣ. ಇಳಿತದ ವೇಗ ವರ್ಷಕ್ಕೆ 6% ಆದ ಕೂಡಲೇ ಹೈಪರ್‌ಬೋಲಿಕ್ ಬಿಟ್ಟು, ಪ್ರತಿ ವರ್ಷ ಒಂದೇ ವೇಗದಲ್ಲಿ ಇಳಿಯೋ ಎಕ್ಸ್‌ಪೊನೆನ್ಷಿಯಲ್‌ಗೆ ಬದಲಾಯಿಸಿ ಅಂತ ಇಟ್ಕೊಳ್ಳಿ. ಈ ಬಾವಿಯಲ್ಲಿ ಅದು ಬರೋದು ಹದಿನೈದನೇ ವರ್ಷದ ಹೊತ್ತಿಗೆ, ಆಗ ದಿನಕ್ಕೆ 27 ಬ್ಯಾರಲ್ ಮಾತ್ರ ಬರ್ತಿರುತ್ತೆ. 30 ವರ್ಷದ ಮೊತ್ತ 5.77 ಲಕ್ಷದಿಂದ 5.68 ಲಕ್ಷಕ್ಕೆ ಇಳಿಯುತ್ತೆ, ಅಷ್ಟೆ. ಅದೂ ಬಹಳ ದೂರದ ವರ್ಷಗಳ ತೈಲ, ಡಿಸ್ಕೌಂಟ್ ಮಾಡಿದ್ರೆ ಏನೂ ಉಳಿಯಲ್ಲ. ಮೀಸಲು ಎಷ್ಟಿದೆ ಅಂತ ಘೋಷಿಸೋ ಕಂಪನಿಗೆ ಅದು ದೊಡ್ಡ ವಿಷಯ. ನಮ್ಮ ಪ್ರಶ್ನೆ ಲಾಭದ್ದು, ಲಾಭ ಇರೋದು ಮೊದಲ ವರ್ಷಗಳಲ್ಲಿ.

ಹಾಸನ_ಮೆಕ್ಯಾನಿಕಲ್:
2.51 ಹಾಕಿದೆ, 6% ಬದಲಾವಣೆಯನ್ನೂ ಸೇರಿಸಿದೆ. ಡಿಸ್ಕೌಂಟ್ ಮಾಡಿದ ಬ್ಯಾರಲ್ ಸುಮಾರು 3.55 ಲಕ್ಷ. ಬ್ರೇಕ್‌ಈವನ್ 32.5 ಡಾಲರ್ ಆಯ್ತು. ತುಂಬಾ ಥ್ಯಾಂಕ್ಸ್ ಸರ್. ಆದ್ರೂ 65ರ ಅರ್ಧಕ್ಕೇ ನಿಂತಿದೆಯಲ್ಲ?

ಸಕಲೇಶಪುರ_ಲೆಕ್ಕ:
ನಿಮ್ಮ ಶೀಟ್‌ನಲ್ಲಿ ಬಂದ ತೈಲವೆಲ್ಲ ಕಂಪನಿಯದ್ದೇ ಅಂತ ಇದೆ. ಅಲ್ಲಿ ಹಾಗಿಲ್ಲ. ಟೆಕ್ಸಾಸ್‌ನಲ್ಲಿ ನೆಲದಡಿಯ ಖನಿಜ ಬಹುಪಾಲು ಖಾಸಗಿ ಜನರದ್ದು, ಅವರಿಗೆ ರಾಯಲ್ಟಿ ಕೊಡಬೇಕು. ಒಳ್ಳೆ ಜಾಗದಲ್ಲಿ 20ರಿಂದ 25% ಇರುತ್ತೆ. ರಾಯಲ್ಟಿ ಪಡೆಯೋರು ಕೊರೆಯೋ ಖರ್ಚಿನಲ್ಲಿ ಒಂದು ಪೈಸೆ ಹಾಕಲ್ಲ, ಪೂರ್ತಿ ಖರ್ಚು ಕಂಪನಿಯ ತಲೆ ಮೇಲೆ. ಅದರ ಜೊತೆ ನೆಲದಿಂದ ತೆಗೆದ ತೈಲ, ಅನಿಲದ ಮೇಲೆ ರಾಜ್ಯದ ಸೆವೆರೆನ್ಸ್ ತೆರಿಗೆ: ಟೆಕ್ಸಾಸ್‌ನಲ್ಲಿ ತೈಲಕ್ಕೆ 4.6%, ಅನಿಲಕ್ಕೆ 7.5%. ಸ್ಥಳೀಯ ಆಸ್ತಿ ತೆರಿಗೆ ಬೇರೆ, ಎಲ್ಲ ಸೇರಿ ತೈಲಕ್ಕೆ 7% ಅಂತ ಹಿಡಿಯಿರಿ. ಇನ್ನು ಪತ್ರಿಕೆಯಲ್ಲಿ ಬರೋ ಡಬ್ಲ್ಯುಟಿಐ (ಅಮೆರಿಕದ ಕಚ್ಚಾ ತೈಲದ ಮಾನದಂಡ) ಬೆಲೆ ಒಕ್ಲಹೋಮದ ಕುಶಿಂಗ್ ಸಂಗ್ರಹ ಕೇಂದ್ರದ್ದು. ಬಾವಿ ಬಾಯಲ್ಲಿ ಸಿಗೋದು ಸಾಗಣೆ ಕಳೆದು, 2 ಡಾಲರ್ ಕಡಿಮೆ ಅಂತ ಇಡಿ.

ಅಂದ್ರೆ ಬೆಲೆಯಿಂದ 2 ಕಳೆದು, 0.75ರಿಂದ ಮತ್ತು 0.93ರಿಂದ ಗುಣಿಸಿದ್ರೆ ಕೈಗೆ ಬರೋ ಹಣ. ಡಾಲರ್‌ಗೆ 70 ಸೆಂಟ್ ಲೆಕ್ಕ. ಅದೇ 32.5 ಡಾಲರ್ ಕೈಗೆ ಬರಬೇಕಂದ್ರೆ ಬೆಲೆ 48.6 ಇರಬೇಕು.

ಉಳಿದದ್ದು ಬಾವಿಯ ಹೊರಗಿನ ಖರ್ಚು. ಜಾಗದ ಲೀಸ್, ಟ್ಯಾಂಕು, ಪೈಪು, ಕಚೇರಿ ಸಂಬಳ, ಸಾಲದ ಬಡ್ಡಿ. ಜಾಗ ಮತ್ತು ಸೌಕರ್ಯಕ್ಕೆ ಬಾವಿಗೆ 20 ಲಕ್ಷ, ಕಚೇರಿ ಮತ್ತು ಬಡ್ಡಿಗೆ ಬ್ಯಾರಲ್‌ಗೆ 4 ಡಾಲರ್ ಅಂತ ಸೇರಿಸಿ ನೋಡಿ.

ಹಾಸನ_ಮೆಕ್ಯಾನಿಕಲ್:
62.5! ಮೇಡಂ, ಸಮೀಕ್ಷೆಯ 65ರ ಪಕ್ಕಕ್ಕೇ ಬಂತು. ಈಗ ಗೊಂದಲ ಬೇರೆ. ಬೆಲೆ 50 ಇದ್ದಾಗಲೂ ಕೆಲವು ಕಂಪನಿಗಳು ಲಾಭ ಇದೆ ಅಂತಾವೆ. ನನ್ನ ಶೀಟ್‌ನಲ್ಲಿ 32.5, 48.6, 62.5 ಮೂರೂ ಇವೆ. ಯಾವುದನ್ನ ನಿಜ ಅಂತ ಹೇಳಲಿ?

ಮೂಡಿಗೆರೆ_ರಿಗ್:
32.5 ಬಿಟ್ಟುಬಿಡಿ, ಅದರಲ್ಲಿ ರಾಯಲ್ಟಿಯೇ ಇಲ್ಲ. ಉಳಿದ ಎರಡೂ ನಿಜ, ಪ್ರಶ್ನೆ ಯಾವುದು ಅನ್ನೋದರ ಮೇಲೆ ಹೋಗುತ್ತೆ.

ನಮ್ಮ ಕಡೆ ರೊಬಸ್ಟಾ ಬೆಲೆ ನೆಲಕಚ್ಚಿದ ವರ್ಷವೂ ಗಿಡದಲ್ಲಿದ್ದ ಹಣ್ಣು ಕೊಯ್ತಾರೆ. ಕೊಯ್ಲು ಕೂಲಿ ಹುಟ್ಟಿದ್ರೆ ಸಾಕು, ತೋಟ ಮಾಡಿದ ಸಾಲ ಆ ತೀರ್ಮಾನಕ್ಕೆ ಬರಲ್ಲ. ಹೊಸ ತೋಟ ಹಾಕೋನು ಮಾತ್ರ ಆ ಬೆಲೆಗೆ ಗಿಡ ನೆಡಲ್ಲ. ಶೇಲ್ ಕೂಡ ಹಾಗೇ. ಹೊಸ ಪ್ರದೇಶಕ್ಕೆ ಕಾಲಿಡೋ ಕಂಪನಿಗೆ ಬೇಕಾದ್ದು 62.5. ಜಾಗ, ಟ್ಯಾಂಕು, ಕಚೇರಿ ಎಲ್ಲ ಆಗಲೇ ಇರೋ ಕಂಪನಿ ಇನ್ನೊಂದು ಬಾವಿ ಕೊರೆಯೋಕೆ 48.6 ನೋಡುತ್ತೆ. 50 ಡಾಲರ್‌ನಲ್ಲಿ ಲಾಭ ಅನ್ನೋರು ಈ ಎರಡನೇ ಲೆಕ್ಕ ಹೇಳ್ತಿರ್ತಾರೆ. ಸುಳ್ಳಲ್ಲ, ಆದ್ರೆ ಹಳೇ ಸಾಲ ಅದರಲ್ಲಿ ಇಲ್ಲ. 2020ರಲ್ಲಿ ವೈಟಿಂಗ್, ಚೆಸಪೀಕ್ ಅನ್ನೋ ಶೇಲ್ ಕಂಪನಿಗಳೆರಡೂ ದಿವಾಳಿ ಅರ್ಜಿ ಹಾಕಿದ್ವು. ಅವುಗಳ ಬಾವಿಗಳಲ್ಲಿ ತೈಲ, ಅನಿಲ ಬರ್ತಾನೇ ಇತ್ತು, ಸಾಲ ತೀರಿಸೋಕೆ ಅದು ಸಾಲಲಿಲ್ಲ.

ಮೂರನೇ ಲೆಕ್ಕ ಒಂದಿದೆ. ಕೊರೆದು ಫ್ರ್ಯಾಕ್ ಮಾಡದೆ ಬಿಟ್ಟ ಬಾವಿ, ಅಲ್ಲಿ ಡಕ್ ಅಂತಾರೆ. ಕೊರೆದ ಹಣ ಆಗಲೇ ಹೋಗಿದೆ, ಉಳಿದದ್ದು ಫ್ರ್ಯಾಕ್ ಖರ್ಚು. ಅದು 50 ಲಕ್ಷ ಅಂತ ಹಾಕಿದ್ರೆ ನಿಮ್ಮ ಶೀಟ್ 36.5 ಕೊಡುತ್ತೆ. ಬೆಲೆ ಬಿದ್ದಾಗ ರಿಗ್ (ಕೊರೆಯೋ ಯಂತ್ರ) ನಿಲ್ಲಿಸಿದ್ರೂ ಉತ್ಪಾದನೆ ಕೂಡಲೇ ನಿಲ್ಲದಿರೋಕೆ ಇದೊಂದು ಕಾರಣ. 2014ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ 1,609 ತೈಲ ರಿಗ್ ಓಡ್ತಿದ್ವು. 2016ರ ಮೇ ತಿಂಗಳಿಗೆ 316. ಐದರಲ್ಲಿ ನಾಲ್ಕು ರಿಗ್ ನಿಂತ ಹಾಗೆ. ದೇಶದ ಉತ್ಪಾದನೆ ಮಾತ್ರ ದಿನಕ್ಕೆ ಸುಮಾರು 96 ಲಕ್ಷ ಬ್ಯಾರಲ್‌ನಿಂದ 85 ಲಕ್ಷಕ್ಕೆ ಇಳೀತು, ಅಷ್ಟೇ.

ಹಾಸನ_ಮೆಕ್ಯಾನಿಕಲ್:
ಹಾಗಾದ್ರೆ 48.6 ಅನ್ನೋದನ್ನ ಇನ್ನೂ ಕೆಳಗೆ ತರೋಕೆ ಅವರು ಏನು ಮಾಡ್ತಾರೆ? ಉದ್ದ ಕೊರೆದ್ರೆ ಖರ್ಚು ಇಳಿಯುತ್ತೆ ಅಂತ ಎಲ್ಲ ಕಡೆ ಓದಿದ್ದೀನಿ.

ಮೂಡಿಗೆರೆ_ರಿಗ್:
ಓದಿದ್ದನ್ನ ಶೀಟ್‌ಗೆ ಹಾಕಿ ಪರೀಕ್ಷೆ ಮಾಡಿ. 15,000 ಅಡಿ, ಖರ್ಚು 105 ಲಕ್ಷ ಅಂತ ಇಡಿ. ಅಡಿಗೆ ಅಷ್ಟೇ ತೈಲ ಬಂದ್ರೆ ಬ್ರೇಕ್‌ಈವನ್ 44.6. ಅಡಿಗೆ 10% ಕಡಿಮೆ ಬಂದ್ರೆ 47.8, ಉಳಿದದ್ದು ಒಂದು ಡಾಲರ್‌ಗಿಂತ ಕಡಿಮೆ. ಬಾವಿಯ ತುದಿಯಿಂದ ತೈಲ ಸರಿಯಾಗಿ ಬರದಿದ್ರೆ ಉದ್ದಕ್ಕೆ ಬೆಲೆ ಇಲ್ಲ.

ಬಾವಿ ಖರ್ಚನ್ನೇ 80ರಿಂದ 65 ಲಕ್ಷಕ್ಕೆ ಇಳಿಸಿದ್ರೆ 42.6. ಇದು ನಿಜವಾದ ಹಿಡಿತ. ಒಂದೇ ಪ್ಯಾಡ್‌ನಿಂದ ಹಲವು ಬಾವಿ ಕೊರೆಯೋದು, ಒಂದಕ್ಕೆ ಫ್ರ್ಯಾಕ್ ಮಾಡುವಾಗ ಪಕ್ಕದ್ದನ್ನ ಸಿದ್ಧ ಮಾಡೋ ಜಿಪ್ಪರ್ ಪದ್ಧತಿ, ವಿಸ್ಕಾನ್ಸಿನ್‌ನಿಂದ ರೈಲಲ್ಲಿ ತರಿಸ್ತಿದ್ದ ಮರಳಿನ ಬದಲು 2017ರಿಂದ ಪಶ್ಚಿಮ ಟೆಕ್ಸಾಸ್‌ನದ್ದೇ ಮರಳು, ಇವೆಲ್ಲ ಉಳಿಯೋ ಉಳಿತಾಯ. ಆದ್ರೆ 2015-16ರಲ್ಲಿ ಇಳಿದ ಖರ್ಚಿನ ಒಂದು ಪಾಲು ಸೇವಾ ಕಂಪನಿಗಳು ಕೆಲಸ ಇಲ್ಲದೆ ದರ ಕಡಿಮೆ ಮಾಡಿದ್ದು. ಗಲ್ಫ್‌ನಲ್ಲಿ ಅಂಥ ಸೇವಾ ಕಂಪನಿಯಲ್ಲಿ ಇದ್ದವನು ನಾನು. ಆ ದರದಲ್ಲಿ ನಮ್ಮ ಕಡೆಯ ಎಷ್ಟೋ ಹುಡುಗರ ಕೆಲಸ ಹೋಯ್ತು. ಬೆಲೆ ಏರಿದ ಕೂಡಲೇ ದರವೂ ಏರುತ್ತೆ. ಅದನ್ನ ದಕ್ಷತೆ ಅಂತ ಬರೆಯಬೇಡಿ, ದಯವಿಟ್ಟು.

ಇನ್ನೊಂದು ದಾರಿ ಒಳ್ಳೆ ಜಾಗ ಮಾತ್ರ ಕೊರೆಯೋದು. ಬೆಲೆ ಬಿದ್ದಾಗ ಎಲ್ಲರೂ ಅದನ್ನೇ ಮಾಡ್ತಾರೆ, ಸರಾಸರಿ ಬಾವಿ ಚೆನ್ನಾಗಿ ಕಾಣುತ್ತೆ. ಜಾಗ ಮಾತ್ರ ಖಾಲಿಯಾಗ್ತಾ ಹೋಗುತ್ತೆ. ಹಳೇ ಬಾವಿ ಪಕ್ಕದಲ್ಲೇ ಹೊಸದು ಕೊರೆದ್ರೆ ಹಳೇದು ಒತ್ತಡ ಎಳ್ಕೊಂಡಿರುತ್ತೆ. ಹೊಸ ಫ್ರ್ಯಾಕ್ ಅತ್ತ ನುಗ್ಗಿ ಎರಡೂ ಕೆಡಬಹುದು.

ಚಿಕ್ಕಮಗಳೂರು_ಸಿವಿಲ್:
ವಿಷಯ ಬಿಟ್ಟು ಒಂದು ಪ್ರಶ್ನೆ. ನಮ್ಮ ಹಾಸನ, ಚಿಕ್ಕಮಗಳೂರು ಕಡೆ ನೆಲದಡಿ ಶೇಲ್ ಇರೋ ಸಾಧ್ಯತೆ ಇದೆಯಾ?

ಬೇಲೂರು_ಬಂಡೆ:
ಇಲ್ಲ ಮಾರಾಯ್ರೆ. ತೈಲ ಹುಟ್ಟೋಕೆ ಜೀವಿಗಳ ಅವಶೇಷ ತುಂಬಿದ ಕೆಸರು ಪದರ ಪದರವಾಗಿ ಹೂತುಹೋಗಿ, ಹದವಾದ ಶಾಖದಲ್ಲಿ ಬೇಯಬೇಕು. ಇಲ್ಲಿ ಇರೋದು ಧಾರವಾಡ ಕ್ರೇಟಾನ್, ಅಂದ್ರೆ ಬಹಳ ಹಳೇ ಗಟ್ಟಿ ಬಂಡೆಯ ತಳಪಾಯ. ಹಾಸನ ಜಿಲ್ಲೆಯ ಗೊರೂರಿನ ನೈಸ್ ಬಂಡೆ ಸುಮಾರು 330 ಕೋಟಿ ವರ್ಷ ಹಳೇದು, ಭಾರಿ ಶಾಖ ಒತ್ತಡದಲ್ಲಿ ರೂಪ ಬದಲಿಸಿದ ಕಲ್ಲು. ಅದರಲ್ಲಿ ತೈಲ ಹುಡುಕೋ ಹಾಗಿಲ್ಲ. ಭಾರತದಲ್ಲಿ ನೋಡಬೇಕಾದ್ದು ಗುಜರಾತಿನ ಖಂಭಾತ್, ಪೂರ್ವದ ದಾಮೋದರ ಥರದ ಜಾಗ. 2011ರ ಜನವರಿಯಲ್ಲಿ ದುರ್ಗಾಪುರದ ಹತ್ತಿರ ಒಎನ್‌ಜಿಸಿ ಬಾವಿಯಲ್ಲಿ ಶೇಲ್ ಅನಿಲ ಕಾಣಿಸಿತ್ತು.

ಸಕಲೇಶಪುರ_ಲೆಕ್ಕ:
ಲೆಕ್ಕಕ್ಕೆ ವಾಪಸ್ ಬರ್ತೀನಿ. ಹಾಸನದವರೇ, ನಿಮ್ಮ ಶೀಟ್‌ನಲ್ಲಿ ಎಲ್ಲಕ್ಕಿಂತ ಮುಖ್ಯ ಅಂಕಿಯನ್ನ ಯಾರೂ ಇನ್ನೂ ಎತ್ತಿಲ್ಲ. ಡಿಸ್ಕೌಂಟ್ ಮಾಡಿದ 3.55 ಲಕ್ಷ ಬ್ಯಾರಲ್‌ನಲ್ಲಿ ಮೊದಲ ವರ್ಷದ ಪಾಲು 1.42 ಲಕ್ಷ, ಅಂದ್ರೆ 40%. ಎರಡು ವರ್ಷ ಸೇರಿದ್ರೆ 56%. ಹಾಗಾಗಿ 30 ವರ್ಷದ ಸರಾಸರಿ ಬೆಲೆ ಈ ಬಾವಿಯ ಹಣೆಬರಹ ಬರೆಯಲ್ಲ, ತೆರೆದ ಮೊದಲ ಎರಡು ವರ್ಷದ ಬೆಲೆ ಬರೆಯುತ್ತೆ.

ಡಬ್ಲ್ಯುಟಿಐ ಸರಾಸರಿ 2020ರ ಏಪ್ರಿಲ್‌ನಲ್ಲಿ ಸುಮಾರು 17 ಡಾಲರ್ ಇತ್ತು, ಆ ತಿಂಗಳ 20ನೇ ತಾರೀಕು ಫ್ಯೂಚರ್ಸ್ (ಮುಂದೆ ತೈಲ ಕೊಡೋ ಒಪ್ಪಂದದ) ಬೆಲೆ ಸೊನ್ನೆಗಿಂತ ಕೆಳಗೆ 37.63ಕ್ಕೆ ಮುಗಿದಿತ್ತು. 2021ರ ಏಪ್ರಿಲ್‌ನಲ್ಲಿ ಸುಮಾರು 62. ಒಂದೇ ಬಾವಿ, ಒಂದೇ ಖರ್ಚು. ಒಂದು ವರ್ಷ ತಡೆದು ತೆರೆದವನು ಲಾಭದಲ್ಲಿ, ಆಗಲೇ ತೆರೆದವನು ತನ್ನ 40% ತೈಲದಲ್ಲಿ ಬಹುಪಾಲನ್ನ ಮಣ್ಣುಪಾಲು ಬೆಲೆಗೆ ಮಾರಿದ. ಡಕ್ ಇಟ್ಕೊಳ್ಳೋದರ ಬೆಲೆ ಅದು. ಕಾಯೋಕೆ ಆಗದವರು ಮೊದಲ ಎರಡು ವರ್ಷದ ಉತ್ಪಾದನೆಗೆ ಮುಂಚೆಯೇ ಬೆಲೆ ಕಟ್ಟಿ ಹೆಡ್ಜ್ ಮಾಡ್ತಾರೆ. ಸಾಲ ಕೊಡೋ ಬ್ಯಾಂಕೂ ಎಷ್ಟೋ ಸಲ ಅದನ್ನೇ ಷರತ್ತಾಗಿ ಇಡುತ್ತೆ. ಕಡಿಮೆ ಬೆಲೆಯ ಕಾಲದಲ್ಲಿ ಶೇಲ್ ಉಳಿಯೋದು ಕೊರೆಯೋ ಯಂತ್ರದಿಂದ ಎಷ್ಟೋ, ಯಾವಾಗ ತೆರೆಯಬೇಕು ಅನ್ನೋ ಹಿಡಿತದಿಂದಲೂ ಅಷ್ಟೇ. ಸೆಮಿನಾರಿನಲ್ಲಿ ಇದನ್ನ ಬಿಡಬೇಡಿ.

ಹಾಸನ_ಮೆಕ್ಯಾನಿಕಲ್:
ವರ್ಷಕ್ಕೊಂದು ಬೆಲೆ ಹಾಕೋ ಸಾಲು ಸೇರಿಸ್ತೀನಿ ಮೇಡಂ. ಕೊನೆಯ ಅನುಮಾನ ಒಂದು. ಅದೇ ಸಮೀಕ್ಷೆ ಹಳೇ ಬಾವಿ ನಡೆಸೋ ಖರ್ಚು ಭರಿಸೋಕೇ 41 ಡಾಲರ್ ಬೇಕು ಅಂತದೆ. ನನ್ನಲ್ಲಿ 10 ಡಾಲರ್ ಖರ್ಚಿಗೆ 16.3 ಬರ್ತಿದೆ.

ಮೂಡಿಗೆರೆ_ರಿಗ್:
ಬ್ಯಾರಲ್‌ಗೆ ಇಷ್ಟು ಅಂತ ಒಂದೇ ಅಂಕಿ ಇಟ್ಟಿದ್ದೀರಲ್ಲ, ಅದಕ್ಕೆ. ಪಂಪು, ಕರೆಂಟು, ನೋಡ್ಕೊಳ್ಳೋ ಆಳು, ರಿಪೇರಿ ಎಲ್ಲ ತಿಂಗಳಿಗೆ ಇಷ್ಟು ಅಂತ ಬರೋ ಖರ್ಚು. ದಿನಕ್ಕೆ 800 ಬಂದಾಗ ಅದು ಕಾಣಲ್ಲ, 27 ಬಂದಾಗ ಬ್ಯಾರಲ್ ಬ್ಯಾರಲ್‌ಗೂ ಕಚ್ಚುತ್ತೆ. ಜೊತೆಗೆ ಪರ್ಮಿಯನ್‌ನಲ್ಲಿ ಒಂದು ಬ್ಯಾರಲ್ ತೈಲದ ಜೊತೆ ಹಲವು ಬ್ಯಾರಲ್ ಉಪ್ಪುನೀರು ಬರುತ್ತೆ, ಅದನ್ನ ಸಾಗಿಸಿ ಮತ್ತೆ ನೆಲಕ್ಕೆ ಇಳಿಸೋ ಖರ್ಚಿದೆ. ಅನಿಲವನ್ನೂ ಆದಾಯ ಅಂತ ಕಣ್ಮುಚ್ಚಿ ಸೇರಿಸಬೇಡಿ. ಪೈಪ್‌ಲೈನ್ ಸಾಲದೆ ಪಶ್ಚಿಮ ಟೆಕ್ಸಾಸ್‌ನ ವಾಹಾದಲ್ಲಿ ಅನಿಲದ ಬೆಲೆ 2019ರಲ್ಲೂ 2024ರಲ್ಲೂ ಸೊನ್ನೆಗಿಂತ ಕೆಳಗೆ ಹೋಗಿತ್ತು, ಅಂದ್ರೆ ಕೊಡೋನೇ ದುಡ್ಡು ಕೊಡಬೇಕು.

ಖರ್ಚನ್ನ ಎರಡು ಸಾಲು ಮಾಡಿ: ತಿಂಗಳಿಗೆ ಇಷ್ಟು, ಬ್ಯಾರಲ್‌ಗೆ ಇಷ್ಟು. ಕೈಗೆ ಬರೋ ಹಣ ಎರಡರ ಮೊತ್ತಕ್ಕಿಂತ ಕಡಿಮೆಯಾದ ತಿಂಗಳು ಉತ್ಪಾದನೆ ಸೊನ್ನೆ ಆಗೋ ಹಾಗೆ ಒಂದು ಇಫ್ ಷರತ್ತು ಹಾಕಿ. ಆಗ 30 ವರ್ಷ ಅಂತ ನೀವು ಇಟ್ಟ ಅವಧಿಯನ್ನ ಬೆಲೆಯೇ ತೀರ್ಮಾನಿಸುತ್ತೆ. ಶೀಟ್ ಮಾಡಿದ ಮೇಲೆ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.