ವಕೀಲರಿಗೆ ಕೊಟ್ಟ ಕೈಸಾಲ ವಾಪಸ್ ಬರುತ್ತಿಲ್ಲ, ಬಾರ್ ಕೌನ್ಸಿಲ್‌ಗೆ ದೂರು ಕೊಡಬಹುದಾ?

ಪೊನ್ನಂಪೇಟೆ ಬೆಳೆಗಾರ:
ನಮಸ್ಕಾರ. ನಮ್ಮ ದೊಡ್ಡಪ್ಪ ಕಾಫಿ ಮಾರಿದ ದುಡ್ಡಿನಲ್ಲಿ 4 ಲಕ್ಷ ರೂಪಾಯಿಯನ್ನು ಒಬ್ಬ ವಕೀಲರಿಗೆ ಕೈಸಾಲ ಕೊಟ್ಟಿದ್ದಾರೆ. ನಮ್ಮ ಬಾಣೆ ಜಾಗದ (ಕೊಡಗಿನಲ್ಲಿ ಗದ್ದೆಗೆ ಹೊಂದಿಕೊಂಡ ಮರ-ತೋಟದ ಜಮೀನು) ಪಾಲಿನ ದಾವೆ ನಡೆಸುತ್ತಿರುವವರೂ ಅವರೇ. ಅವರು ಕೊಟ್ಟ ಚೆಕ್ ಬೌನ್ಸ್ ಆಗಿ ಕಳೆದ ವಾರ ಬ್ಯಾಂಕ್ ಮೆಮೊ ಬಂತು. ಕೇಳಿದರೆ ‘ಫೀಸಿಗೆ ಹಿಡಿದುಕೊಂಡೆ’ ಅನ್ನುತ್ತಾರೆ, ಕೇಸಿನ ಫೈಲನ್ನೂ ಕೊಡುತ್ತಿಲ್ಲ. ಬಾರ್ ಕೌನ್ಸಿಲ್‌ಗೆ ಬರೆದರೆ ಹಣ ಬರುತ್ತದಾ?

ಮಡಿಕೇರಿ ಕೋರ್ಟ್ ರಸ್ತೆ:
ಬರುವುದಿಲ್ಲ. ವಕೀಲರ ಕಾಯ್ದೆ 1961ರ ಸೆಕ್ಷನ್ 35ರಲ್ಲಿ ಇರುವುದು ಛೀಮಾರಿ, ಅಮಾನತು, ಪಟ್ಟಿಯಿಂದ ಹೆಸರು ತೆಗೆಯುವುದು, ಇಷ್ಟೇ. ಸಾಲ ವಸೂಲಿ ಅವರ ಕೆಲಸವಲ್ಲ.

ಮೊದಲು ಚೆಕ್ ನೋಡಿ, ದಿನ ಓಡುತ್ತಿರುವುದು ಅಲ್ಲಿ. ಮೆಮೊ ಕೈಸೇರಿದ 30 ದಿನದೊಳಗೆ ಲಿಖಿತ ನೋಟಿಸ್ ಕಳಿಸಬೇಕು, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ ಸ್ವೀಕೃತಿ ಇಟ್ಟುಕೊಳ್ಳಿ. ನೋಟಿಸ್ ತಲುಪಿದ 15 ದಿನದಲ್ಲಿ ಹಣ ಬಾರದಿದ್ದರೆ, ಮುಂದಿನ ಒಂದು ತಿಂಗಳಲ್ಲಿ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ (ಚೆಕ್ ಬೌನ್ಸ್‌ನ ಕಾನೂನು) ಸೆಕ್ಷನ್ 138ರ ಖಾಸಗಿ ದೂರನ್ನು ನೇರವಾಗಿ ಕೋರ್ಟಿಗೆ ಹಾಕಬೇಕು. ಚೆಕ್ ಅನ್ನು ದೊಡ್ಡಪ್ಪನ ಖಾತೆಗೆ ಹಾಕಿದ್ದರೆ, ಆ ಖಾತೆ ಇರುವ ಶಾಖೆ ಯಾವ ಕೋರ್ಟಿನ ವ್ಯಾಪ್ತಿಯಲ್ಲಿದೆಯೋ ಅಲ್ಲೇ ಹಾಕಬೇಕು. ಹೆಚ್ಚಿನವರು ಎಡವುವುದು ಮೊತ್ತದಲ್ಲಿ: ಚೆಕ್ಕಿನಲ್ಲಿ 4 ಲಕ್ಷ ಇದ್ದು ನೋಟಿಸಿನಲ್ಲಿ ಬಡ್ಡಿ ಸೇರಿಸಿ ಒಂದೇ ಮೊತ್ತ ಕೇಳಿದರೆ ನೋಟಿಸೇ ಬಿದ್ದುಹೋಗುತ್ತದೆ. ಚೆಕ್ಕಿನ ಹಣ ಬೇರೆ, ಬಡ್ಡಿ ಬೇರೆ ಎಂದು ಬರೆಯಿಸಿ. ಸಾಲದ ಸಿವಿಲ್ ದಾವೆಗಾದರೆ ಸಾಮಾನ್ಯವಾಗಿ 3 ವರ್ಷ ಇದೆ.

ಕೊಡವ ತಕ್ಕ:
ಅಣ್ಣ, ಕೈಸಾಲ ತೀರಿಸದಿರುವುದು ಒಂದೇ ಆದರೆ ಕೌನ್ಸಿಲ್ ಅದನ್ನು ದುರ್ನಡತೆ ಎನ್ನುವುದು ಕಷ್ಟ. ಇಲ್ಲಿ ಬಲವಿರುವುದು ಫೈಲಿನ ವಿಷಯಕ್ಕೆ. ಫೀಸ್ ಬಾಕಿ ಇದ್ದರೂ ಕಕ್ಷಿದಾರರ ಕಾಗದಪತ್ರ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ, ಹಾಗೆ ಮಾಡಿದರೆ ವೃತ್ತಿ ದುರ್ನಡತೆ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಕೋರ್ಟ್ ಫೀಸಿಗೋ ಖರ್ಚಿಗೋ ಕೊಟ್ಟ ಹಣವನ್ನೇ ಆಮೇಲೆ ‘ಸಾಲ’ ಮಾಡಿಕೊಂಡಿದ್ದರೆ ಅದೂ ನಿಯಮಕ್ಕೆ ವಿರುದ್ಧ. ದೊಡ್ಡಪ್ಪ ಏನೆಂದು ಕೊಟ್ಟರು, ವಾಟ್ಸಾಪ್ ಮೆಸೇಜಿನಲ್ಲಿ ಏನಿದೆ, ಅದನ್ನು ಮೊದಲು ತೆಗೆದು ನೋಡಿ.

ದೂರು ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ, ಅಂದರೆ ರಾಜ್ಯ ಬಾರ್ ಕೌನ್ಸಿಲ್‌ಗೆ. ಆ ವಕೀಲರ ನೋಂದಣಿ ಸಂಖ್ಯೆ ವಕಾಲತ್ತಿನ (ಕೇಸು ನಡೆಸಲು ಕಕ್ಷಿದಾರರು ಸಹಿ ಹಾಕಿ ಕೊಡುವ ಅಧಿಕಾರ ಪತ್ರ) ಮೊಹರಿನಲ್ಲಿ ಸಾಮಾನ್ಯವಾಗಿ ‘ಕೆಎಆರ್’ ಎಂದು ಶುರುವಾಗಿರುತ್ತದೆ. ದಾಖಲೆಗಳ ಪ್ರತಿ ಸೇರಿಸಿ, ಕೋಪದ ಮಾತು ಒಂದೂ ಬೇಡ. ಒಂದು ವರ್ಷದಲ್ಲಿ ಇತ್ಯರ್ಥವಾಗದಿದ್ದರೆ ಪ್ರಕರಣ ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತದೆ. ರಾಜ್ಯ ಪರಿಷತ್ತಿನ ಶಿಸ್ತು ಸಮಿತಿಯ ಆದೇಶ ಒಪ್ಪದಿದ್ದರೆ ಅಲ್ಲಿಗೇ ಮೇಲ್ಮನವಿ, ಗಡುವು 60 ದಿನ.

ಗ್ರಾಹಕ ಆಯೋಗಕ್ಕೆ ಹೋಗಬೇಡಿ. ವಕೀಲರ ಸೇವೆ ಅದರಡಿ ಬರುವುದಿಲ್ಲವೆಂದು 2024ರ ಮೇ ತಿಂಗಳಲ್ಲಿ ತೀರ್ಪಾಗಿದೆ.

ಪೊನ್ನಂಪೇಟೆ ಬೆಳೆಗಾರ:
ತುಂಬಾ ಉಪಕಾರ. ಪಾಲಿನ ದಾವೆಗೆ ಬೇರೆ ವಕೀಲರನ್ನು ಹಾಕಬಹುದಾ? ಇವರು ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ) ಕೊಡುವಂತೆ ಕಾಣುವುದಿಲ್ಲ.

ಮಡಿಕೇರಿ ಕೋರ್ಟ್ ರಸ್ತೆ:
ಹಾಕಬಹುದು. ಎನ್‌ಒಸಿ ಕೊಡದಿದ್ದರೆ ಹಳೆಯ ವಕಾಲತ್ತು ರದ್ದತಿಗೆ ಅನುಮತಿ ಕೇಳಿ ಅದೇ ಕೋರ್ಟಿಗೆ ಅರ್ಜಿ ಹಾಕಿ. ದಾವೆ ಪತ್ರ, ಆದೇಶಪಟ್ಟಿ, ಹಾಜರುಪಡಿಸಿದ ದಾಖಲೆಗಳ ದೃಢೀಕೃತ ನಕಲು ಕೋರ್ಟಿನ ನಕಲು ವಿಭಾಗದಲ್ಲಿ ಸಿಗುತ್ತದೆ. ಪಹಣಿ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು ಹಕ್ಕು) ದಾಖಲೆಗಳ ಮೂಲಪ್ರತಿ ಅವರ ಕೈಯಲ್ಲಿದ್ದರೆ ಒಂದೊಂದನ್ನೂ ಹೆಸರಿಸಿ, ವಾಪಸ್ ಕೊಡಿ ಎಂದು ಪ್ರತ್ಯೇಕ ಪತ್ರ ಕಳಿಸಿ. ಅದನ್ನು ಚೆಕ್ ನೋಟಿಸಿನ ಜೊತೆ ಬೆರೆಸಬೇಡಿ.