ಅಪ್‌ಡೇಟ್: ಅಮ್ಮನ ಮೊಣಕಾಲು ನೋವಿಗೆ ಕಾರ್ಟಿಲೇಜ್ ಒಂದೇ ಕಾರಣವಾ?

ಅಮ್ಮನ ಮೊಣಕಾಲು ನೋವಿಗೆ ಕಾರ್ಟಿಲೇಜ್ (ಕೀಲಿನಲ್ಲಿ ಮೂಳೆಯ ತುದಿಯನ್ನು ಮುಚ್ಚಿರುವ ನುಣುಪಾದ ಪದರ) ಸವೆತ ಒಂದೇ ಕಾರಣವಾ ಅಂತ ಹಿಂದೆ ಕೇಳಿದ್ದೆ. ಈಗ ಎಂಆರ್‌ಐ ಆಯ್ತು, ಮೂಳೆ ಡಾಕ್ಟರ್ ಹತ್ತಿರ ಮಾತೂ ಆಯ್ತು. ಅದೊಂದೇ ಅಲ್ಲ.

ಕಾರ್ಟಿಲೇಜ್‌ನಲ್ಲಿ ನರಗಳೇ ಇರುವುದಿಲ್ಲ! ರಕ್ತನಾಳವೂ ಇಲ್ಲ, ಹಾಗಾಗಿ ಸವೆದದ್ದು ಸರಿಯಾಗಿ ಮತ್ತೆ ಬೆಳೆಯುವುದಿಲ್ಲ. ನೋವು ಹೆಚ್ಚಾಗಿ ಬರುವುದು ಅದರ ಕೆಳಗಿನ ಮೂಳೆಯಿಂದ, ಕೀಲಿನ ಒಳಪದರದಿಂದ. ಅಮ್ಮನಿಗೆ ಆ ಪದರ ಉರಿಯೂತದಿಂದ ದಪ್ಪಗಾಗಿದೆ, ಕೀಲಿನಲ್ಲಿ ನೀರು ತುಂಬಿದೆ. ಮೂಳೆಯ ಅಂಚು ಮುಳ್ಳಿನಂತೆ ಬೆಳೆದಿದೆ.

ಮಿನಿಸ್ಕಸ್ (ಮೊಣಕಾಲಿನ ಮೂಳೆಗಳ ನಡುವೆ ಮೆತ್ತೆಯಂತಿರುವ ಭಾಗ) ಕೂಡ ಹರಿದಿದೆ. ಇದನ್ನು ಕೇಳಿ ಗಾಬರಿಯಾಗಿತ್ತು, ಆದರೆ ವಯಸ್ಸಾದವರಲ್ಲಿ ನೋವಿಲ್ಲದಿದ್ದರೂ ಇದು ಕಾಣುತ್ತದಂತೆ. ಅದಕ್ಕೆ ಆಪರೇಷನ್ ಬೇಡ ಅಂದರು.

ಸದ್ಯಕ್ಕೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ನೋವು ಜಾಸ್ತಿಯಾದಾಗ ಮುಲಾಮು. ‘ಕಾರ್ಟಿಲೇಜ್ ಬೆಳೆಸುವ’ ಮಾತ್ರೆಗೆ ಸುಮ್ನೆ ದುಡ್ಡು ಸುರಿಯುವುದನ್ನು ಬಿಟ್ಟಿದ್ದೇವೆ.