ಕಂಟ್ರೋಲ್ ರೂಂ ಸುದ್ದಿಪತ್ರ, ಚಟುವಟಿಕೆ: ರಾತ್ರಿ ಪಾಳಿಗೂ ಮುಟ್ಟಿಸುವುದು ಹೇಗೆ?

ಪಾಳಿಮೇಲ್ವಿಚಾರಕಿ:
ನಗರದ ತುರ್ತು ಕರೆ ಕೇಂದ್ರ, 12 ಸೀಟು, ಎಂಟೆಂಟು ಗಂಟೆಯ ಮೂರು ಪಾಳಿ. ತಿಂಗಳಿಗೊಂದು ಸಿಬ್ಬಂದಿ ಸುದ್ದಿಪತ್ರ ಹೊರಡುತ್ತದೆ: ಬಡ್ತಿ, ಹೊಸಬರ ಪರಿಚಯ, ‘ತಿಂಗಳ ಉತ್ತಮ ಕರೆ’. ರಾತ್ರಿಯವರು ಅದನ್ನು ತೆರೆದೂ ನೋಡುವುದಿಲ್ಲ. ತರಬೇತಿ, ಸನ್ಮಾನ ಎಲ್ಲವೂ ಹಗಲಿನವರ ಪಾಲಾಗುತ್ತಿದೆ. ಸೀಟು ಖಾಲಿ ಬಿಡದೆ ಚಟುವಟಿಕೆ ನಡೆಸುವುದು ಹೇಗೆ? ಉತ್ತಮ ಕರೆಯ ಬಗ್ಗೆ ಎಷ್ಟು ಬರೆಯಬಹುದು?

ರೋಸ್ಟರ್‌ಲೆಕ್ಕ:
ಮೊದಲು ಜನರ ಲೆಕ್ಕ ನೋಡಿ ಮೇಡಂ. ಒಂದು ಸೀಟಿಗೆ ವಾರಕ್ಕೆ 168 ಗಂಟೆ. ಒಬ್ಬರ ದುಡಿಮೆ 40 ಗಂಟೆ ಎಂದರೆ ಸೀಟಿಗೆ 4.2 ಜನ, ನಿಮ್ಮ 12 ಸೀಟಿಗೆ ಸುಮಾರು 50. ಇದರಲ್ಲಿ ರಜೆ, ಕಾಯಿಲೆ, ತರಬೇತಿ ಯಾವುದೂ ಸೇರಿಲ್ಲ. ಅವನ್ನು ಸೇರಿಸಿದರೆ ಸೀಟಿಗೆ ಐದು ದಾಟುತ್ತದೆ. ನಿಮ್ಮ ಪಟ್ಟಿಯಲ್ಲಿ 50 ಮಂದಿ ಮಾತ್ರ ಇದ್ದರೆ ಯಾವ ಚಟುವಟಿಕೆ ಇಟ್ಟರೂ ಅದು ಯಾರದೋ ವಿಶ್ರಾಂತಿಯನ್ನು ಕಿತ್ತುಕೊಂಡೇ ನಡೆಯಬೇಕು. ಸುದ್ದಿಪತ್ರ ಚೆನ್ನಾಗಿ ಬಂದ ಮಾತ್ರಕ್ಕೆ ಅದು ಸರಿಹೋಗುವುದಿಲ್ಲ.

ಜನ ಸಾಕಷ್ಟಿದ್ದರೆ ಒಂದೇ ಪಾಠವನ್ನು 20 ನಿಮಿಷಕ್ಕೆ ಇಳಿಸಿ, ಇಬ್ಬಿಬ್ಬರನ್ನೇ ಹೆಡ್‌ಸೆಟ್ ಬಿಡಿಸಿ ಕರೆಯಿರಿ. ಸಮಯ ಗೊತ್ತುಮಾಡುವ ಮುನ್ನ ಕಳೆದ ಎಂಟು ವಾರದ ಕರೆಗಳನ್ನು ಗಂಟೆವಾರು ತೆಗೆದು ನೋಡಿ. ವಾರದ ದಿನ ಮತ್ತು ವಾರಾಂತ್ಯವನ್ನು ಬೇರೆ ಬೇರೆಯಾಗಿಯೇ ನೋಡಬೇಕು. ನಸುಕಿನ 3ರಿಂದ 5ರವರೆಗೆ ಸಾಮಾನ್ಯವಾಗಿ ಕರೆ ಕಡಿಮೆ, ಆದರೆ ಮನುಷ್ಯರ ಎಚ್ಚರವೂ ಆಗಲೇ ತೀರಾ ಕೆಳಗಿರುತ್ತದೆ. ಆ ಹೊತ್ತಿಗೆ ಸ್ಲೈಡ್ ಹಾಕಿ ಪಾಠ ಮಾಡಿದರೆ ತೂಕಡಿಕೆ ಖಚಿತ. ಕೈಗೆ ಕೆಲಸ ಕೊಡುವ ಅಭ್ಯಾಸವಿಡಿ. ಅಮೆರಿಕದ ತುರ್ತು ಕರೆ ಸೇವೆಗಳ ಸಂಘವಾದ ನೀನಾದ (NENA) ಮಾನದಂಡದಂತೆ 90% ಕರೆಗಳನ್ನು 15 ಸೆಕೆಂಡಿನೊಳಗೆ, 95% ಕರೆಗಳನ್ನು 20 ಸೆಕೆಂಡಿನೊಳಗೆ ಎತ್ತಬೇಕು. ಪರದೆಯಲ್ಲಿ ಆ ಅಂಕಿ ಕುಸಿಯತೊಡಗಿದರೆ ಪಾಠ ಅಲ್ಲಿಗೇ ನಿಲ್ಲಲಿ, ಅಧಿಕಾರಿಗಳು ಎದುರಿಗೆ ಕೂತಿದ್ದರೂ.

ಗುಣಮಟ್ಟಕಿವಿ:
‘ಉತ್ತಮ ಕರೆ’ ಅಂಕಣದಲ್ಲಿ ಹೆಸರು, ಫೋನ್ ಸಂಖ್ಯೆ, ವಿಳಾಸ ತೆಗೆದರೆ ಸಾಕು ಅಂದುಕೊಳ್ಳುತ್ತಾರೆ. ಸಾಲದು. ದಿನಾಂಕ, ಬಡಾವಣೆ, ಘಟನೆಯ ವಿಚಿತ್ರ ಈ ಮೂರು ಒಟ್ಟಿಗೆ ಬಂದರೆ ಆ ಮನೆ ಯಾವುದೆಂದು ಅಕ್ಕಪಕ್ಕದವರಿಗೆ ತಿಳಿದುಹೋಗುತ್ತದೆ. ಧ್ವನಿಮುದ್ರಣವನ್ನಂತೂ ವಿಶ್ರಾಂತಿ ಕೋಣೆಯಲ್ಲಿ ಹಾಕಲೇಬೇಡಿ, ಅದು ನಾಳೆ ಸಾಕ್ಷ್ಯವಾಗಬಹುದು. ಕರೆ ಸ್ವೀಕರಿಸಿದವರ ಒಪ್ಪಿಗೆಯೂ ಬೇಕು. ಕೆಲವರಿಗೆ ಆ ಕರೆ ನೆನಪಾಗುವುದೇ ಬೇಡವಾಗಿರುತ್ತದೆ.

ನನ್ನ ತಕರಾರು ಇನ್ನೊಂದಿದೆ: ಜೀವ ಉಳಿದ ಕರೆಯನ್ನೇ ‘ಉತ್ತಮ’ ಅನ್ನಬೇಡಿ. ಎಲ್ಲ ಸರಿಯಾಗಿ ಮಾಡಿದರೂ ರೋಗಿ ಸಾಯಬಹುದು, ಎಡವಿದರೂ ಬದುಕಬಹುದು. ಕೆಲಸ ಹೇಗೆ ನಡೆಯಿತು ಎಂಬುದನ್ನು ಬರೆಯಿರಿ. ಹೃದಯಸ್ತಂಭನದ ಕರೆಯಾದರೆ ‘ಎಚ್ಚರ ಇದೆಯೇ?’, ‘ಉಸಿರಾಟ ಸಹಜವಾಗಿದೆಯೇ?’ ಎಂಬ ಎರಡು ಪ್ರಶ್ನೆಗಳನ್ನು ಎಷ್ಟನೇ ಸೆಕೆಂಡಿಗೆ ಕೇಳಲಾಯಿತು? ಎರಡಕ್ಕೂ ‘ಇಲ್ಲ’ ಬಂದ ಮೇಲೆ ಎದೆ ಒತ್ತುವುದನ್ನು ಹೇಳಿಕೊಡಲು ಎಷ್ಟು ಹೊತ್ತು ಹಿಡಿಯಿತು? ಹೆಚ್ಚಾಗಿ ಎಡವುವುದು ಎರಡನೇ ಪ್ರಶ್ನೆಯಲ್ಲಿ. ಬಿಟ್ಟುಬಿಟ್ಟು ಬರುವ ಏದುಸಿರನ್ನು, ಗೊರಕೆಯಂಥ ಸದ್ದನ್ನು ಕರೆ ಮಾಡಿದವರು ‘ಉಸಿರಾಡ್ತಾ ಇದ್ದಾರೆ’ ಅನ್ನುತ್ತಾರೆ. ‘ಪ್ರತಿ ಉಸಿರಿಗೂ ಈಗ ಅಂತ ಹೇಳಿ’ ಎಂದು ಕೇಳಿದರೆ ನಡುವಿನ ಅಂತರ ಬಯಲಾಗುತ್ತದೆ. ಒತ್ತುವ ವೇಗ ನಿಮಿಷಕ್ಕೆ 100ರಿಂದ 120, ವಯಸ್ಕರಿಗೆ ಆಳ 5 ಸೆಂ.ಮೀ.ಗೆ ಕಡಿಮೆಯಿಲ್ಲ, 6 ದಾಟಬಾರದು. ಇಂಥ ನಾಲ್ಕು ಸಾಲು ಇದ್ದರೆ ರಾತ್ರಿಯವರೂ ಓದುತ್ತಾರೆ.

ಹಳದಿಚೀಟಿ:
ರಾತ್ರಿಗೆ ಹೇಳಿ ಮಾಡಿಸಿದ ಚಟುವಟಿಕೆ ಎಂದರೆ ಕಂಪ್ಯೂಟರ್ ಕೈಕೊಟ್ಟಾಗಿನ ಕಾಗದದ ಅಭ್ಯಾಸ. ಎರಡು ಸೀಟಿಗೆ ಕೃತಕ ಕರೆ, ಅರ್ಧ ಗಂಟೆ. ಉಳಿದ ಸೀಟುಗಳು ಎಂದಿನಂತೆ ನಡೆಯಲಿ. ಪ್ರತಿ ಮೇಜಿನಲ್ಲೂ 25 ಖಾಲಿ ಚೀಟಿ ಇರಬೇಕು. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್‌ಗೆ ಬಣ್ಣ ಬೇರೆ. ಕ್ರಮಸಂಖ್ಯೆಯನ್ನು ಮೊದಲೇ ಮುದ್ರಿಸಿಡಿ. ಕೈಯಲ್ಲಿ ಬರೆಯಲು ಬಿಟ್ಟರೆ ಎರಡು ಮೇಜಿನಲ್ಲಿ ಒಂದೇ ಸಂಖ್ಯೆ ಹುಟ್ಟುತ್ತದೆ. ಗೋಡೆ ಗಡಿಯಾರಕ್ಕೂ ಸರ್ವರ್ ಸಮಯಕ್ಕೂ ಎರಡು ನಿಮಿಷ ವ್ಯತ್ಯಾಸವಿದ್ದರೆ ಆಮೇಲೆ ದಾಖಲೆ ಹೊಂದಿಸುವಾಗ ತಲೆ ಕೆಡುತ್ತದೆ, ಅಭ್ಯಾಸಕ್ಕೆ ಮುನ್ನ ನೋಡಿಕೊಳ್ಳಿ. ಎಲ್ಲಕ್ಕಿಂತ ಹೆಚ್ಚಾಗಿ ತಪ್ಪುವುದು ವಾಹನಗಳ ಸ್ಥಿತಿ ಫಲಕ. ಎಲ್ಲರೂ ಕರೆಯ ಮೇಲಿರುತ್ತಾರೆ, ಫಲಕ ತಿದ್ದುವವರೇ ಇರುವುದಿಲ್ಲ. ಆ ಕೆಲಸಕ್ಕೆ ಒಬ್ಬರನ್ನು ಮೊದಲೇ ಹೆಸರಿಸಿ, ಅವರಿಗೆ ಹೆಡ್‌ಸೆಟ್ ಕೊಡಬೇಡಿ.

ಪಾಳಿಮೇಲ್ವಿಚಾರಕಿ:
ಎಲ್ಲರಿಗೂ ಧನ್ಯವಾದ. ತುರ್ತು ಕರೆ ಸಿಬ್ಬಂದಿಯನ್ನು ಗೌರವಿಸುವ ಏಪ್ರಿಲ್‌ನ ಟೆಲಿಕಮ್ಯುನಿಕೇಟರ್ ವಾರಕ್ಕೂ ಇದೇ ಸೂತ್ರವೇ?

ರೋಸ್ಟರ್‌ಲೆಕ್ಕ:
ಹೌದು. 1981ರಲ್ಲಿ ಕ್ಯಾಲಿಫೋರ್ನಿಯಾದ ಕಾಂಟ್ರಾ ಕೋಸ್ಟಾ ಕೌಂಟಿಯಲ್ಲಿ ಶುರುವಾದಾಗಿನಿಂದಲೂ ಅದು ಇಡೀ ವಾರದ ಆಚರಣೆ, ಹಾಗಾಗಿ ಒಂದೇ ಮಧ್ಯಾಹ್ನಕ್ಕೆ ತುರುಕಬೇಕಿಲ್ಲ. ಮೂರು ಪಾಳಿಗೂ ಒಂದೊಂದು ದಿನ ಕೊಡಿ, ರಾತ್ರಿಯಿಂದಲೇ ಶುರುಮಾಡಿ. ಪ್ರಶಸ್ತಿ ಕೊಡುವವರು ರಾತ್ರಿ 11ಕ್ಕೆ ಬರಲಿ. ಬೆಳಿಗ್ಗೆ 7ಕ್ಕೆ ಪಾಳಿ ಮುಗಿಸಿದವರನ್ನು ಮಧ್ಯಾಹ್ನ 3ಕ್ಕೆ ಕರೆಸಿದರೆ ಅವರ ನಿದ್ದೆ ಹೋಯಿತು, ಅದೇ ನಿದ್ದೆಗಣ್ಣಲ್ಲಿ ಮತ್ತೆ ರಾತ್ರಿ ಹೆಡ್‌ಸೆಟ್ ಹಾಕುತ್ತಾರೆ. ಸುದ್ದಿಪತ್ರವನ್ನೂ ಇಮೇಲ್‌ನಲ್ಲಿ ಕಳಿಸಿ ಸುಮ್ಮನಾಗಬೇಡಿ. ಒಂದು ಪುಟ ಮುದ್ರಿಸಿ, ಪಾಳಿ ಹಸ್ತಾಂತರದ ಪುಸ್ತಕದೊಳಗೆ ಇಡಿ. ಸಹಿ ಹಾಕಲು ಅದನ್ನು ಎಲ್ಲರೂ ತೆರೆಯಲೇಬೇಕಲ್ಲ.